ಓಣಿನಾಯಿಗೆ ವಾರಕ್ಕೆ ಎರಡು ಗಂಟೆ

ಮರಾಠಿ ಪತ್ರಿಕೆಗಳು ‘ಮೋಕಾಟ ಕುತ್ರೀ’ ಎಂದು ಬರೆಯುತ್ತವೆ. ಕಟ್ಟಿಲ್ಲದೆ ಬಿಟ್ಟ ನಾಯಿಗಳು ಎಂದು ಅದರ ಅರ್ಥ. ಕನ್ನಡ ಪತ್ರಿಕೆಗಳಿಗೆ ಅವು ಬೀದಿನಾಯಿಗಳು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರ ಬಾಯಲ್ಲಿ ಓಣಿನಾಯಿಗಳು. ಒಂದು ಹೆಸರು ಆ ಪ್ರಾಣಿಗೆ ಒಡೆಯನಿಲ್ಲವೆಂದು ಹೇಳಿದರೆ, ಮತ್ತೊಂದು ಅದರ ವಿಳಾಸವನ್ನು ಹೇಳುತ್ತದೆ. ಎರಡು ಭಾಷೆಗಳ ನಡುವೆ ಬೆಳೆದ ಗಡಿನಾಡಿನ ವಿದ್ಯಾರ್ಥಿಗಳಿಗೆ ಈ ಅಂತರವು ಕೇವಲ ಶಬ್ದಕೋಶದ ಸಂಗತಿಯಾಗಿ ತೋರಬಾರದು. 2023ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು, ಒಂದು ವಸತಿಯಲ್ಲಿ ಹುಟ್ಟಿ ಯಾರ ಒಡೆತನಕ್ಕೂ ಸೇರದ ಇಂತಹ ಪ್ರಾಣಿಯನ್ನು ‘ಸಮುದಾಯದ ಪ್ರಾಣಿ’ ಎಂದು ಕರೆದಿವೆ. ಕಾಯಿದೆಯು ಈ ಮಟ್ಟಿಗೆ ಓಣಿಯ ಕನ್ನಡದ ಪಕ್ಷವನ್ನೇ ವಹಿಸಿದೆ ಎನ್ನಬೇಕು.

ಆದರೆ ಆ ವಿಳಾಸವು ಈಗ ಬದಲಾಗುತ್ತಿದೆ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆರವುಗೊಳಿಸಿ, ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಗಳ ನಂತರ ಆಶ್ರಯಧಾಮಗಳಿಗೆ ಸಾಗಿಸಬೇಕೆಂದು, ಹಿಡಿದ ಜಾಗಕ್ಕೆ ಅವನ್ನು ಮರಳಿ ಬಿಡಬಾರದೆಂದು ಆದೇಶಿಸಿತು. ಮಕ್ಕಳೂ ರೋಗಿಗಳೂ ಕಚ್ಚಿಸಿಕೊಂಡ ಪ್ರಕರಣಗಳು ಈ ಆದೇಶದ ಹಿಂದಿವೆ. ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಗ್ರಂಥಾಲಯದ ಮೆಟ್ಟಿಲ ಮೇಲೆ ಮಲಗುತ್ತಿದ್ದ, ಕ್ಯಾಂಟೀನಿನ ಹಿಂದೆ ಅನ್ನಕ್ಕಾಗಿ ಕಾಯುತ್ತಿದ್ದ ನಾಯಿಗಳನ್ನು ಗಾಡಿಯು ಒಯ್ದ ಮೇಲೆ ಗೇಟು ಮುಚ್ಚುತ್ತದೆ, ಸುತ್ತೋಲೆಗೆ ಉತ್ತರ ಬರೆಯಲಾಗುತ್ತದೆ. ಕಾಲೇಜಿನ ಹೊಣೆಯೂ ಅಲ್ಲಿಗೆ ಮುಗಿಯಿತೆಂಬ ಭಾವನೆ ಎಲ್ಲೆಡೆ ಕಾಣುತ್ತಿದೆ. ವಿಚಾರ ಮಾಡಬೇಕಾದುದು ಅಲ್ಲಿಂದ ಮುಂದಿನ ಸಂಗತಿಯನ್ನು.

ಓಣಿಯ ನಾಯಿಗೆ ದಿನವೂ ತಿರುಗಾಟವಿದೆ. ಬೆಳಗಿನ ಹಾಲಿನವನ ಹಿಂದೆ ಒಂದಿಷ್ಟು ದೂರ, ಖಾಟಿಕರ ಅಂಗಡಿಯವರೆಗೆ ಒಂದು ಸುತ್ತು, ನೆರೆಯ ಓಣಿಯ ನಾಯಿಗಳು ಗಡಿ ದಾಟಿವೆಯೇ ಎಂದು ಕಂಬಕಂಬದ ವಾಸನೆ ನೋಡುವ ತನಿಖೆ. ಮನುಷ್ಯನಿಗೆ ಪತ್ರಿಕೆ ಹೇಗೋ ನಾಯಿಗೆ ವಾಸನೆ ಹಾಗೆ. ಇಂತಹ ಪ್ರಾಣಿಯನ್ನು ನಾಲ್ಕು ಹೆಜ್ಜೆಯ ಗೂಡಿನಲ್ಲಿ ಇಟ್ಟಾಗ ಹೊಟ್ಟೆ ತುಂಬುತ್ತದೆ, ಗಾಯ ಮಾಯುತ್ತದೆ, ಆದರೆ ಕೆಲವೇ ವಾರಗಳಲ್ಲಿ ಅದರ ನಡವಳಿಕೆ ಕೆಡತೊಡಗುತ್ತದೆ. ಒಂದೇ ಜಾಗದಲ್ಲಿ ಗಾಣದೆತ್ತಿನಂತೆ ಸುತ್ತುವುದು, ಎಡೆಬಿಡದೆ ಬೊಗಳುವುದು, ಮುಂಗಾಲನ್ನು ಹುಣ್ಣಾಗುವ ತನಕ ನೆಕ್ಕುವುದು, ಬಾಗಿಲು ತೆರೆದವರ ಮೈಮೇಲೆ ಹಾರುವುದು, ಇಲ್ಲವೇ ಮೂಲೆ ಹಿಡಿದು ತಲೆಯನ್ನೇ ಎತ್ತದಿರುವುದು. ನಾಯಿಯನ್ನು ಸಾಕಲೆಂದು ಬಂದವರು ಇಂತಹ ಗೂಡಿನ ಮುಂದೆ ನಿಲ್ಲುವುದಿಲ್ಲ. ಮುಂದಿನ ಗೂಡಿಗೆ ಹೋಗುತ್ತಾರೆ. ಹೀಗಾಗಿ ಕೆಟ್ಟ ನಡವಳಿಕೆಯ ನಾಯಿ ಅಲ್ಲಿಯೇ ಉಳಿಯುತ್ತದೆ, ಉಳಿದಷ್ಟೂ ಮತ್ತಷ್ಟು ಕೆಡುತ್ತದೆ. ಗೂಡು ತೆರವಾಗದಿದ್ದರೆ ಹೊಸ ನಾಯಿಗೆ ಜಾಗವಿಲ್ಲ. ಜಾಗವಿಲ್ಲದಿದ್ದರೆ ನ್ಯಾಯಾಲಯದ ಆದೇಶವು ಕಾಗದದ ಮೇಲಷ್ಟೇ ಉಳಿಯುತ್ತದೆ.

ಈ ಸರಪಳಿಯನ್ನು ಕಡಿಯುವ ಸಾಧನಗಳಲ್ಲಿ ಅತ್ಯಂತ ಅಗ್ಗವಾದದ್ದು ಅರ್ಧ ಗಂಟೆಯ ನಡಿಗೆ. ಆಶ್ರಯಧಾಮದ ಕೆಲಸಗಾರರಿಗೆ ಇದು ತಿಳಿಯದ ಸಂಗತಿಯಲ್ಲ. ಗೂಡು ತೊಳೆಯಬೇಕು, ಅನ್ನ ಬೇಯಿಸಬೇಕು, ಔಷಧ ಹಾಕಬೇಕು, ಅಪಘಾತಕ್ಕೀಡಾದ ನಾಯಿಯನ್ನು ತರಲು ಗಾಡಿಯೊಡನೆ ಹೋಗಬೇಕು. ಇಷ್ಟರಲ್ಲಿ ಅವರ ದಿನ ಮುಗಿಯುತ್ತದೆ. ನಡೆಸುವ ಕೆಲಸವು ಯಾವಾಗಲೂ ನಾಳೆಗೆ ಉಳಿಯುತ್ತದೆ. ಸ್ವಯಂಸೇವಕರು ಬೇಕಾಗಿರುವುದು ಇಲ್ಲಿಯೇ.

ನಾಯಿಯನ್ನು ನಡೆಸುವುದೆಂದರೆ ಹಗ್ಗ ಹಿಡಿದು ತಿರುಗಾಡುವುದು ಎಂದು ತಿಳಿದವರಿಗೆ ಮೊದಲ ದಿನವೇ ತೋಳು ಸೋಲುತ್ತದೆ. ಅದಕ್ಕೆ ಒಂದು ಕ್ರಮವಿದೆ. ಗೂಡಿನ ಬಾಗಿಲನ್ನು ಪೂರ್ತಿ ತೆರೆಯದೆ, ನಾಯಿಯ ನಾಲ್ಕೂ ಕಾಲು ನೆಲದ ಮೇಲಿರುವ ತನಕ ಕಾದು, ಅದರ ಮೇಲೆ ಬಾಗದೆ ಪಕ್ಕದಿಂದ ಪಟ್ಟಿ ಹಾಕಬೇಕು. ಕೊರಳಪಟ್ಟಿಯು ತಲೆಯಿಂದ ಕಳಚಿಹೋಗದಷ್ಟು ಬಿಗಿಯಾಗಿಯೂ ಎರಡು ಬೆರಳು ಹೋಗುವಷ್ಟು ಸಡಿಲವಾಗಿಯೂ ಇರಬೇಕು. ಹಗ್ಗದ ಕುಣಿಕೆಯನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ನಡುವಿನ ಭಾಗವನ್ನು ಇನ್ನೊಂದು ಕೈಯಿಂದ ಅಳತೆಗೆ ತರಬೇಕು. ನಾಯಿ ಜಗ್ಗಿದಾಗ ತಾನೂ ಜಗ್ಗಿದರೆ ಅದು ಹಗ್ಗಜಗ್ಗಾಟವಾಗುತ್ತದೆ. ಸುಮ್ಮನೆ ನಿಂತುಬಿಟ್ಟರೆ, ಹಗ್ಗ ಸಡಿಲಾದಾಗ ಮಾತ್ರ ಮುನ್ನಡೆದರೆ, ಜಗ್ಗಿದರೆ ದಾರಿ ಸಾಗದೆಂಬುದು ನಾಯಿಗೇ ತಿಳಿಯುತ್ತದೆ. ಎರಡು ನಾಯಿಗಳು ಮೂತಿಗೆ ಮೂತಿ ಎದುರಾಗಲು ಬಿಡಬಾರದು. ಲಸಿಕೆ ಪೂರ್ಣವಾಗದ ಮರಿಗಳನ್ನು ಹೊರಗೆ ತರಬಾರದು. ವಾಸನೆ ನೋಡಲು ನಿಂತಾಗ ಎಳೆಯಬಾರದು, ಏಕೆಂದರೆ ಅದು ಹೊರಗೆ ಬಂದದ್ದೇ ಅದಕ್ಕಾಗಿ. ಸೊಲ್ಲಾಪುರದ ವೈಶಾಖದಲ್ಲಿ ಇನ್ನೂ ಒಂದು ನಿಯಮ ಸೇರುತ್ತದೆ: ಡಾಂಬರಿನ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ಆ ರಸ್ತೆಯಲ್ಲಿ ನಾಯಿಯನ್ನು ನಡೆಸಬಾರದು. ಅಂದರೆ ಬೇಸಗೆಯಲ್ಲಿ ಸ್ವಯಂಸೇವಕನು ಸೂರ್ಯನಿಗಿಂತ ಮೊದಲು ಏಳಬೇಕು. ಇಷ್ಟು ಕೇಳಿದ ಕೂಡಲೇ ಹೆಸರು ಕೊಟ್ಟವರಲ್ಲಿ ಅರ್ಧದಷ್ಟು ಜನ ಕಡಿಮೆಯಾಗುವುದುಂಟು, ಆಗಲಿ.

ನಡಿಗೆ ಮುಗಿದ ಮೇಲಿನ ಕೆಲಸ ಇನ್ನೂ ಮುಖ್ಯವಾದುದು. ಮರಳಿ ಗೂಡಿಗೆ ಹೋಗಲು ನಾಯಿ ಒಪ್ಪುವುದಿಲ್ಲ. ಒಳಗೆ ತಿನಿಸೊಂದನ್ನು ಮೊದಲೇ ಇಟ್ಟು, ಅವಸರಪಡಿಸದೆ ಸೇರಿಸಬೇಕು. ಕುಂಟುತ್ತಿತ್ತೇ, ಮಲ ತೆಳ್ಳಗಿತ್ತೇ, ಮೋಟರ್‌ಸೈಕಲ್ಲಿನ ಸದ್ದಿಗೆ ಹೆದರಿತೇ, ಮಕ್ಕಳನ್ನು ಕಂಡಾಗ ಬಾಲವಾಡಿಸಿತೇ ಎಂಬುದನ್ನು ವಹಿಯಲ್ಲಿ ಬರೆಯಬೇಕು. ಪಶುವೈದ್ಯರಿಗೂ ಸಾಕುವ ಮನೆಯವರಿಗೂ ಆ ನಾಲ್ಕು ಸಾಲುಗಳಿಂದ ಆಗುವ ಉಪಯೋಗವು ನೂರು ಫೋಟೋಗಳಿಂದ ಆಗದು.

ಫೋಟೋದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಹುಟ್ಟುಹಬ್ಬದ ದಿನ ಬಿಸ್ಕಿಟಿನ ಪೊಟ್ಟಣಗಳೊಡನೆ ಬಂದು, ಮರಿಯೊಂದನ್ನು ಎದೆಗೊತ್ತಿಕೊಂಡು ಚಿತ್ರ ತೆಗೆಸಿಕೊಂಡು ಹೋಗುವವರಿಂದ ನಾಯಿಗೆ ಆಗುವ ಲಾಭ ಬಹಳ ಕಡಿಮೆ. ಹೊಟ್ಟೆ ಕೆಡುವುದು ಮಾತ್ರ ಖಚಿತ. ದಾನಕ್ಕೆ ಒಂದು ದಿನ ಸಾಕು, ನಡಿಗೆಗೆ ಸಾಲದು. ಒಮ್ಮೆ ಬಂದು ಹಗ್ಗ ಹಿಡಿದವನು ಮತ್ತೆ ಬರದಿದ್ದರೆ, ಮುಂದಿನ ಭಾನುವಾರ ಬಾಗಿಲ ಕಡೆ ಕಿವಿ ನಿಮಿರಿಸಿ ಕುಳಿತ ನಾಯಿಗೆ ಯಾರೂ ಸಮಜಾಯಿಷಿ ಕೊಡಲಾರರು. ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಯು ವರ್ಷಕ್ಕೆ 120 ಗಂಟೆ, ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕೆಂಬ ನಿಯಮವಿದೆ. ವಾರಕ್ಕೆ ಎರಡು ಗಂಟೆಯ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಇಡೀ ವರ್ಷವನ್ನು ಆವರಿಸುತ್ತದೆ. ಆದರೆ ಎಷ್ಟೋ ಕಡೆ ಆ ಗಂಟೆಗಳು ರಸ್ತೆ ಗುಡಿಸುವ ಒಂದು ಬೆಳಗಿನಲ್ಲಿ, ಬ್ಯಾನರಿನ ಮುಂದೆ, ಒಟ್ಟಿಗೆ ಸಂದುಹೋಗುತ್ತವೆ.

ನಾಯಿಗಳ ಬಗೆಗಿನ ಕಕ್ಕುಲಾತಿಯು ಪಟ್ಟಣದ ಸ್ಥಿತಿವಂತರ ಹೊಸ ಹವ್ಯಾಸವೆಂಬ ಆಕ್ಷೇಪವೊಂದಿದೆ. ಚರಿತ್ರೆಯನ್ನು ನೋಡಿದರೆ ಅದು ನಿಲ್ಲುವುದಿಲ್ಲ. ಮುಂಬಯಿಯಲ್ಲಿ 1832ರ ಜೂನ್‌ನಲ್ಲಿ, ಬೀದಿನಾಯಿಗಳನ್ನು ಕೊಲ್ಲುವ ಕಂಪನಿ ಸರಕಾರದ ಕ್ರಮದ ವಿರುದ್ಧ ಪಾರ್ಸಿಗಳ ಮುಂದಾಳುತನದಲ್ಲಿ ಅಂಗಡಿಗಳು ಮುಚ್ಚಿದವು, ಗಲಭೆಯೇ ನಡೆಯಿತು. ಅದಾದ ಎರಡು ವರ್ಷಗಳಲ್ಲಿ ಅಲ್ಲಿ ಪಾಂಜರಪೋಳವು ಸ್ಥಾಪನೆಯಾಯಿತು. ಇನ್ನೂ ಹಿಂದೆ ಹೋದರೆ ಕನ್ನಡದ್ದೇ ಒಂದು ಸಾಕ್ಷಿಯಿದೆ. ಕ್ರಿ.ಶ. 949-50ರ ಆತಕೂರು ಶಾಸನವನ್ನು ಚೋಳರ ಮೇಲಿನ ತಕ್ಕೋಲದ ಯುದ್ಧಕ್ಕಾಗಿ ತರಗತಿಗಳಲ್ಲಿ ಓದಿಸುತ್ತಾರೆ. ಆದರೆ ಆ ಯುದ್ಧದಲ್ಲಿ ಮೆರೆದ ಮಣಲೆರನು ಗಂಗರ ಬೂತುಗನಲ್ಲಿ ಬೇಡಿ ಪಡೆದದ್ದು ಒಂದು ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಾಗ ಅದಕ್ಕೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಹತ್ತು ಶತಮಾನಗಳಾಚೆಯ ಆ ನಾಯಿಯ ಹೆಸರು ಕಾಳಿ ಎಂಬುದು ಇಂದಿಗೂ ಓದಲು ಸಿಗುತ್ತದೆ. ಆಶ್ರಯಧಾಮಗಳಲ್ಲಿ ಎಷ್ಟೋ ನಾಯಿಗಳನ್ನು ಗೂಡಿನ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ವಾರವಾರವೂ ನಡೆಸುವವರು ಬಂದಾಗ ಮೊದಲು ಆಗುವ ಬದಲಾವಣೆಯೆಂದರೆ ಸಂಖ್ಯೆಯ ಪಕ್ಕದಲ್ಲಿ ಹೆಸರು ಬರುವುದು.

ಭಕ್ತಿಯ ನಾಡಿನಲ್ಲಂತೂ ನಾಯಿಗೆ ಸ್ಥಾನದ ಕೊರತೆಯಿಲ್ಲ. ಮರಾಠಿಗರ ಖಂಡೋಬನೂ ಕನ್ನಡಿಗರ ಮೈಲಾರಲಿಂಗನೂ ಒಬ್ಬನೇ; ಅವನೊಡನೆ ನಾಯಿಯಿದೆ, ಅವನ ಗೊರವರು ದೋಣಿಯಲ್ಲಿ ಹಾಕಿದ ಪ್ರಸಾದವನ್ನು ನಾಯಿಗಳಂತೆ ಬಾಯಿ ಹಚ್ಚಿ ತಿನ್ನುತ್ತಾರೆ. ಗಾಣಗಾಪುರದ ದತ್ತನ ಕಾಲಬಳಿ ನಾಲ್ಕು ವೇದಗಳೇ ನಾಲ್ಕು ನಾಯಿಗಳಾಗಿ ನಿಂತಿವೆ. ಒಣರೊಟ್ಟಿ ಕಚ್ಚಿಕೊಂಡು ಓಡಿದ ನಾಯಿಯ ಹಿಂದೆ ತುಪ್ಪದ ಬಟ್ಟಲು ಹಿಡಿದು ಓಡಿದ ನಾಮದೇವನ ಕಥೆ ಪಂಢರಪುರದ ಸುತ್ತಿನ ಮಕ್ಕಳಿಗೆಲ್ಲ ಗೊತ್ತು. ಆದರೂ ಗುಡಿಯಿಂದ ಹೊರಬಂದ ಕೂಡಲೇ ಬಾಯಿಗೆ ಬರುವುದು ಮರಾಠಿಯ ‘ಹಾಡ್’ ಅಥವಾ ಕನ್ನಡದ ‘ಹಚಾ’. ಈ ಸೀಮೆಯ ನಾಯಿಗಳಿಗೆ ಎರಡೂ ಭಾಷೆಗಳು ತಿಳಿಯುತ್ತವೆ, ಬೈಗುಳದ ಮಟ್ಟಿಗೆ.

ಇದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ ಕಚ್ಚಿಸಿಕೊಂಡವರದು. ರಾತ್ರಿಪಾಳಿ ಮುಗಿಸಿ ಕಾಲ್ನಡಿಗೆಯಲ್ಲಿ ಮನೆಗೆ ಮರಳುವ ಕೈಮಗ್ಗ-ಪವರ್‌ಲೂಮಿನ ಕೆಲಸಗಾರನಿಗೆ, ಬೀಡಿಯೆಲೆಯ ಗಂಟು ಹೊತ್ತು ಹೊರಟ ಹೆಂಗಸಿಗೆ, ಅಂಗಳದಲ್ಲಿ ಮಲಗುವ ಮಗುವಿಗೆ ನಾಯಿಗಳ ಹಿಂಡು ನಿಜವಾದ ಭಯ. ಕಾರಿನಲ್ಲಿ ತಿರುಗುವವರು ಅವರಿಗೆ ಕರುಣೆಯ ಪಾಠ ಹೇಳುವುದು ಅಸಹ್ಯ. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ವಿರಳ. ಆದುದರಿಂದಲೇ ನಡೆಸುವವರ ಕೆಲಸವನ್ನು ಈ ಭಯದ ಎದುರುಪಕ್ಷವಾಗಿ ನೋಡಬಾರದು. ಲಸಿಕೆ ಹಾಕಿಸಿಕೊಂಡು, ಹಗ್ಗಕ್ಕೆ ಒಗ್ಗಿ, ಒಂದು ಮನೆಗೆ ಸೇರಿದ ಪ್ರತಿಯೊಂದು ನಾಯಿಯೂ ಬೀದಿಯಲ್ಲಿರುವ ಇನ್ನೊಂದಕ್ಕೆ ಗೂಡನ್ನು ಬಿಟ್ಟುಕೊಡುತ್ತದೆ. ಸ್ವಯಂಸೇವಕನಾಗಲು ಹೊರಟ ವಿದ್ಯಾರ್ಥಿಯೂ ತಾನು ಮೊದಲೇ ರೇಬೀಸ್ ಲಸಿಕೆ ಪಡೆಯಬೇಕು. ಕಚ್ಚಿದ ಅಥವಾ ಪರಚಿದ ಗಾಯವನ್ನು ಹರಿಯುವ ನೀರು, ಸಾಬೂನುಗಳಿಂದ ಹದಿನೈದು ನಿಮಿಷ ತೊಳೆಯಬೇಕು, ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಕಲಿತು, ಅದನ್ನು ತನ್ನ ಊರಿಗೂ ಒಯ್ಯಬೇಕು. ಅಕ್ಕಲಕೋಟೆಯ ಹಳ್ಳಿಯಲ್ಲಿ ಆ ಮಾತನ್ನು ಕನ್ನಡದಲ್ಲಿ ಹೇಳುವವರು ಬೇಕಾಗಿದ್ದಾರೆ.

ಹೀಗಾಗಿ ಗಡಿನಾಡಿನ ಕಾಲೇಜುಗಳ ಮುಂದೆ ಇಡಬೇಕಾದ ಬೇಡಿಕೆ ಸರಳವಾಗಿದೆ: ತನ್ನ ಆವರಣದಿಂದ ಎಷ್ಟು ನಾಯಿಗಳನ್ನು ಕಳುಹಿಸಿದೆಯೋ ಅಷ್ಟು ಜೊತೆ ಕೈಗಳನ್ನೂ ಕಾಲೇಜು ಕಳುಹಿಸಲಿ. ಇಬ್ಬಿಬ್ಬರ ತಂಡ, ವಾರದ ಒಂದು ನಿಶ್ಚಿತ ಬೆಳಗು, ಜೊತೆಗೆ ಒಬ್ಬ ಅಧ್ಯಾಪಕ. ಮೊದಲ ತಿಂಗಳು ಆಶ್ರಯಧಾಮದವರು ಹೇಳಿಕೊಟ್ಟ ನಾಯಿಯನ್ನು ಮಾತ್ರ, ಅವರ ಕಣ್ಣಳತೆಯಲ್ಲೇ ನಡೆಸುವುದು. ವಹಿಯನ್ನು ಮರಾಠಿ, ಕನ್ನಡ ಎರಡರಲ್ಲೂ ಬರೆಯುವ ಕೆಲಸವನ್ನು ಭಾಷಾ ವಿಭಾಗಗಳು ವಹಿಸಿಕೊಳ್ಳಬಹುದು. ವರದಿ ಬರೆಯುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಈ ವ್ಯವಸ್ಥೆ ಕುಸಿಯುವುದು ಪರೀಕ್ಷೆಯ ದಿನಗಳಲ್ಲಿ, ದೀಪಾವಳಿಯ ರಜೆಯಲ್ಲಿ, ಹಳ್ಳಿಯ ವಿದ್ಯಾರ್ಥಿಗಳು ಸುಗ್ಗಿಗೆಂದು ಊರಿಗೆ ಹೋದಾಗ. ಆದ್ದರಿಂದ ಪಾಳಿಪಟ್ಟಿಯನ್ನು ಬರೆಯುವಾಗ ಜೂನ್ ತಿಂಗಳಿನಿಂದ ಆರಂಭಿಸದೆ, ಆ ರಜೆಯ ವಾರಗಳಿಂದಲೇ ಆರಂಭಿಸಬೇಕು. ಅವುಗಳ ಎದುರಿಗೆ ಊರಿನಲ್ಲೇ ಇರುವ ಅಧ್ಯಾಪಕರ, ಕಚೇರಿಯ ಸಿಬ್ಬಂದಿಯ ಹೆಸರುಗಳನ್ನು ಮೊದಲು ತುಂಬಿ, ಉಳಿದ ವಾರಗಳನ್ನು ವಿದ್ಯಾರ್ಥಿಗಳಿಗೆ ಹಂಚಬೇಕು.