ಉಗುರಿನಡಿಯ ಕಪ್ಪು
ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆಯೆಂದು ನಾವು ನಿಶ್ಚಿಂತರಾಗಿರುವುದು ನನಗೆ ಭಯ ಹುಟ್ಟಿಸುತ್ತದೆ. ಲೆಕ್ಕವೇನೋ ಹಾಗೇ ತೋರುತ್ತದೆ: 2020ರಲ್ಲಿ ಜಗತ್ತಿನ ಸುಮಾರು 3.25 ಲಕ್ಷ ಜನರಲ್ಲಿ ಇದು ಪತ್ತೆಯಾಯಿತು, 57 ಸಾವಿರ ಮಂದಿ ಸತ್ತರು. ಪ್ರಮಾಣ ಅತಿ ಹೆಚ್ಚಿರುವುದು ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ. 2040ರ ವೇಳೆಗೆ ಜಗತ್ತಿನಲ್ಲಿ ಹೊಸ ರೋಗಿಗಳ ಸಂಖ್ಯೆ ವರ್ಷಕ್ಕೆ ಐದು ಲಕ್ಷ ದಾಟಬಹುದೆಂಬ ಅಂದಾಜಿದೆ. ಆದರೆ ಜಮೈಕಾದ ಗಾಯಕ ಬಾಬ್ ಮಾರ್ಲಿಯನ್ನು 1981ರಲ್ಲಿ, ಬರೀ 36ನೇ ವಯಸ್ಸಿಗೆ ಬಲಿ ಪಡೆದದ್ದೂ ಇದೇ. ಶುರುವಾದದ್ದು ಕಾಲ್ಬೆರಳಿನ ಉಗುರಿನಡಿ. ಫುಟ್‌ಬಾಲ್ ಆಟದ ಗಾಯವೆಂದೇ ಮೊದಲು ಭಾವಿಸಿದ್ದರು. ಕಪ್ಪು, ಕಂದು ಮೈಬಣ್ಣದವರಲ್ಲಿ ಅದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲು ತಾಗದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಬುಡದಲ್ಲಿ. ಬರಿಗಾಲಲ್ಲಿ ಗದ್ದೆಗಿಳಿಯುವ ನಮ್ಮವರು ಅದನ್ನು ಆಣಿಯೆಂದೋ ಮುಳ್ಳು ಚುಚ್ಚಿದ್ದೆಂದೋ ಬಿಟ್ಟುಬಿಡಬಾರದು. ಮಚ್ಚೆ ಹರಡುತ್ತಿದ್ದರೆ, ರಕ್ತ ಒಸರುತ್ತಿದ್ದರೆ ದಯವಿಟ್ಟು ಚರ್ಮವೈದ್ಯರಿಗೆ ತೋರಿಸಿ. ಮೇಲ್ಚರ್ಮದಲ್ಲೇ ಇರುವಾಗ ಕತ್ತರಿಸಿ ತೆಗೆದರೆ ಬಹುತೇಕರು ಉಳಿಯುತ್ತಾರೆ.