ಎಡೆದೊರೆ ನಾಡಿನ ಒತ್ತೆಪತ್ರ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯು ಹಿಂದುಳಿದುದೇಕೆಂದು ಕೇಳಿದರೆ ನಮ್ಮ ಕೆಲವು ಪಂಡಿತಂಮನ್ಯರು ಕೂಡಲೇ ಉತ್ತರ ಕೊಡುತ್ತಾರೆ: ಮಳೆ ಕಡಿಮೆ, ಬಿಸಿಲು ಹೆಚ್ಚು, ಜನರು ಸೋಮಾರಿಗಳು, ಒಟ್ಟಿನಲ್ಲಿ ಅದು ‘ಮೊಗಲಾಯಿ’. ಈ ಕಡೆಯ ಶಬ್ದವನ್ನು ಉಚ್ಚರಿಸುವಾಗ ಅವರ ತುಟಿಯು ಕೊಂಚ ಕೊಂಕುವುದನ್ನು ವಾಚಕರು ಬಲ್ಲರು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371-ಜೆ ವಿಧಿಯನ್ನು ಇದೇ ಮಹನೀಯರು ‘ದಾನ’ವೆನ್ನುತ್ತಾರೆ. ದಾನವೋ, ಹಳೆಯ ಸಾಲದ ಮರುಪಾವತಿಯೋ ಎಂಬುದನ್ನು ಕಾಗದಪತ್ರಗಳನ್ನು ನೋಡದೆ ತೀರ್ಮಾನಿಸುವುದು ನ್ಯಾಯವಲ್ಲ. ಆದುದರಿಂದ ಕಾಗದಗಳನ್ನೇ ಬಿಚ್ಚೋಣ.

ಮೊದಲನೆಯದು 1800ನೆಯ ಇಸವಿ ಅಕ್ಟೋಬರ 12ರ ಕರಾರು. ಹಿಂದಿನ ವರ್ಷ ಶ್ರೀರಂಗಪಟ್ಟಣದಲ್ಲಿ ಟಿಪ್ಪುವು ಮಡಿದಿದ್ದನು. ಅವನ ರಾಜ್ಯದಿಂದ ತನ್ನ ಪಾಲಿಗೆ ಬಂದ ಸೀಮೆಗಳನ್ನು ನಿಜಾಮನು, ತನ್ನ ರಕ್ಷಣೆಗೆಂದು ಇರಿಸಿಕೊಂಡ ಕಂಪನಿಯ ದಂಡಿನ ಖರ್ಚಿಗಾಗಿ, ಕಂಪನಿಗೇ ಬಿಟ್ಟುಕೊಟ್ಟನು. ತುಂಗಭದ್ರೆಯೇ ಗಡಿಯಾಯಿತು. ತೆಂಕಣ ದಡದ ಬಳ್ಳಾರಿಯು ಮದ್ರಾಸಿಗೆ, ಬಡಗಣ ದಡದ ಎಡೆದೊರೆ ನಾಡು ಹೈದರಾಬಾದಿಗೆ. 1818ರಲ್ಲಿ ಪೇಶವೆಯು ಬಿದ್ದಾಗ ಧಾರವಾಡವು ಮುಂಬಯಿಗೆ. ಒಂದೇ ಭಾಷೆ, ಒಂದೇ ಎರೆಭೂಮಿ, ಒಂದೇ ಜೋಳದ ರೊಟ್ಟಿ. ಯಜಮಾನರು ಮಾತ್ರ ಮೂವರು! ಹೊಳೆಯ ಆಚೆ ದಡಕ್ಕೆ ಹೆಣ್ಣು ಕೊಟ್ಟವನು ಬೆಳಗಾಗುವಷ್ಟರಲ್ಲಿ ಪರರಾಜ್ಯದವರ ಬೀಗನಾದನು. ಕನ್ನಡನಾಡು ಹರಿದು ಹಂಚಿಹೋದದ್ದು ಯಾವ ದೈವೇಚ್ಛೆಯಿಂದಲೂ ಅಲ್ಲ. ಸಿಪಾಯಿಗಳ ಸಂಬಳದ ಬಾಕಿಯಿಂದ.

ಇದಾದ ಮೂರೇ ವರ್ಷಕ್ಕೆ ಅಮೇರಿಕದ ಸಂಯುಕ್ತ ಸಂಸ್ಥಾನಗಳು ಫ್ರಾನ್ಸಿನಿಂದ ಲೂಯಿಸಿಯಾನಾ ಪ್ರಾಂತವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡುಕೊಂಡವು. ಅಲ್ಲಿಯ ನಿವಾಸಿಗಳನ್ನೂ ಯಾರೂ ಕೇಳಲಿಲ್ಲ. ಮುಂದಿನ ಮೂವತ್ತು ವರ್ಷಗಳ ಅಮೇರಿಕದ ಅಭ್ಯುದಯವನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರೆ, ಮಾಡಲಿ. ಆದರೆ ಆ ಅಭ್ಯುದಯದ ಹತ್ತಿಯನ್ನು ಬಿಡಿಸಿದವರು ಗುಲಾಮರೆಂಬುದನ್ನೂ, 1830ರ ಕಾನೂನಿನಿಂದ ಚೆರೋಕಿ ಮೊದಲಾದ ಮೂಲನಿವಾಸಿಗಳನ್ನು ನೆಲದಿಂದ ಒಕ್ಕಲೆಬ್ಬಿಸಿದರೆಂಬುದನ್ನೂ ಜೊತೆಗೇ ಓದಲಿ. ಅಲ್ಲಿಯ ಬಿಳಿಯ ಒಕ್ಕಲಿಗನ ಕೈಯಲ್ಲಿ ಮಾತ್ರ ಒಂದು ಆಯುಧವಿದ್ದಿತು: ಮತ. 1832ರಲ್ಲಿ ಅಧ್ಯಕ್ಷ ಜಾಕ್ಸನ್ನನು ದೊಡ್ಡ ಬ್ಯಾಂಕಿನ ಸನದಿನ ಮುಂದುವರಿಕೆಯನ್ನು ತಡೆದು ಮತದಾರರ ಮುಂದೆ ನಿಂತು ಗೆದ್ದನು.

ನಮ್ಮಲ್ಲಿಯೂ ಅದೇ ಕಾಲಕ್ಕೆ ಒಂದು ಬ್ಯಾಂಕು ಇದ್ದಿತು. ಅದರ ಕಥೆಯನ್ನು ಮಾತ್ರ ಯಾರೂ ಕಂಠಪಾಠ ಮಾಡುವುದಿಲ್ಲ! 1814ರಲ್ಲಿ ವಿಲಿಯಂ ಪಾಮರನು ಹೈದರಾಬಾದಿನಲ್ಲಿ ಪಾಮರ್ ಕಂಪನಿಯ ಕೋಠಿಯನ್ನು ತೆರೆದನು. ಆಂಗ್ಲರು ದೇಶೀಯ ರಾಜರಿಗೆ ಸಾಲ ಕೊಡಬಾರದೆಂದು ಅವರ ಪಾರ್ಲಿಮೆಂಟಿನ ಕಾಯಿದೆಯೇ ಇದ್ದಿತು. ಗವರ್ನರ್-ಜನರಲನ ಅಪ್ಪಣೆಯಿದ್ದರೆ ಬಾಧಕವಿಲ್ಲವೆಂಬ ಕಿಟಕಿಯೊಂದು ಅದರಲ್ಲಿದ್ದಿತು. 1816ರಲ್ಲಿ ಲಾರ್ಡ್ ಹೇಸ್ಟಿಂಗ್ಸನು ಆ ಕಿಟಕಿಯನ್ನು ತೆರೆದುಕೊಟ್ಟನು. ಕೋಠಿಯ ಪಾಲುದಾರ ರಂಬೋಲ್ಡನು ಆ ಹೇಸ್ಟಿಂಗ್ಸನ ಪೋಷಣೆಯಲ್ಲಿ ಬೆಳೆದ ಕನ್ಯೆಯ ಗಂಡನೆಂಬುದನ್ನು ಹೇಳಿದರೆ ವಾಚಕರಿಗೆ ಮಿಕ್ಕುದು ತಾನೇ ತಿಳಿಯುವುದು. ಬಡ್ಡಿಯು ನೂರಕ್ಕೆ 24ರ ಆಸುಪಾಸು. 1820ರ ಒಂದೇ ಸಾಲವು 60 ಲಕ್ಷ ರೂಪಾಯಿ. ರೆಸಿಡೆಂಟನಾಗಿ ಬಂದ ಮೆಟ್ಕಾಫನು ಈ ವ್ಯವಹಾರವನ್ನು ಬಯಲಿಗೆಳೆದನೆಂಬುದು ನಿಜ. 1823ರಲ್ಲಿ ಕಂಪನಿ ಸರಕಾರವು ಸಾಲವನ್ನು ತೀರಿಸಲು ಹಣ ಕೊಟ್ಟಿತು. ಪುಕ್ಕಟೆಯಾಗಿ ಅಲ್ಲ; ಉತ್ತರ ಸರ್ಕಾರುಗಳಿಗಾಗಿ ನಿಜಾಮನಿಗೆ ವರ್ಷಕ್ಕೆ ಸಲ್ಲುತ್ತಿದ್ದ 7 ಲಕ್ಷದ ಪೇಷ್ಕಷನ್ನು ಕಾಯಮಾಗಿ ನುಂಗಿ.

ಈ ಬಡ್ಡಿಯನ್ನು ತೆತ್ತವರಾರು? 1808ರಿಂದ 1843ರ ವರೆಗೆ ಆಡಳಿತದ ಹಗ್ಗವು ಚಂದೂಲಾಲನ ಕೈಯಲ್ಲಿದ್ದಿತು. ತಾಲೂಕುಗಳ ಕಂದಾಯವನ್ನು ಗುತ್ತಿಗೆಗೆ ಹಾಕುವುದೇ ಪದ್ಧತಿ. ಹೆಚ್ಚು ಹಣ ಕಟ್ಟುವವನು ತಾಲೂಕುದಾರ. ಅವನಿಗಿಂತ ಹೆಚ್ಚು ಕಟ್ಟುವವನು ಬಂದರೆ ಇವನು ಹೋದನು. ಬರುವ ವರ್ಷ ತಾನಿರುವೆನೋ ಇಲ್ಲವೋ ಎಂದು ತಿಳಿಯದವನು ಕೆರೆಯ ಹೂಳನ್ನು ಏಕೆ ತೆಗೆಸಿಯಾನು? ರೈತನ ಎತ್ತನ್ನು ಏಕೆ ಉಳಿಸಿಯಾನು? ತೆಂಕಣ ದಡದಲ್ಲಿ ಕಂಪನಿಯ ರಾಮರಾಜ್ಯವಿದ್ದಿತೆಂದು ನಾನು ಹೇಳುತ್ತಿಲ್ಲ. ಅಲ್ಲಿ ಕಂದಾಯವನ್ನು ಗೊತ್ತುಮಾಡಿದ ಮನ್ರೋನೇ 1807ರಲ್ಲಿ ಅದನ್ನು ಕಾಲುಭಾಗ ಇಳಿಸಬೇಕೆಂದು ಬರೆದನು. ಮೇಲಿನವರು ಆಗ ಕಿವಿಗೊಡಲಿಲ್ಲ. ಆದರೂ ಅಲ್ಲಿಯ ರೈತನಿಗೆ ತಾನು ತೆರಬೇಕಾದುದೆಷ್ಟೆಂಬುದಾದರೂ ತಿಳಿದಿದ್ದಿತು. ಬಡಗಣ ದಡದವನಿಗೆ ಅದೂ ಇಲ್ಲ. ಜನರು ಸುಮ್ಮನಿದ್ದರೆಂದು ಯಾರೂ ಭ್ರಮಿಸದಿರಲಿ: 1819ರಲ್ಲಿ ಕೊಪ್ಪಳದ ಕೋಟೆಯಲ್ಲಿ ವೀರಪ್ಪನು ಎದ್ದುನಿಂತಾಗ ಅದನ್ನು ಮುರಿಯಲು ಪ್ರಿಟ್ಜ್ಲರನ ತೋಪುಗಳೇ ಬರಬೇಕಾಯಿತು.

ಈಗ ಮುಖ್ಯ ದಸ್ತಾವೇಜಿಗೆ ಬರೋಣ. ಸಾಲದ ಮೂಲವು ಕಂಟಿಂಜೆಂಟ್ ಎಂಬ ದಂಡು. ಲಿಂಗಸುಗೂರೂ ಅದರ ಒಂದು ಠಾಣ್ಯ. ಹೆಸರು ನಿಜಾಮನದು, ಅಧಿಕಾರಿಗಳು ಆಂಗ್ಲರು, ಖರ್ಚು ವರ್ಷಕ್ಕೆ ಸುಮಾರು 40 ಲಕ್ಷ. 1800ರ ಕರಾರಿನ 12ನೆಯ ಕಲಮಿನಂತೆ ನಿಜಾಮನು ಯುದ್ಧಕಾಲದಲ್ಲಿ 6,000 ಕಾಲಾಳು, 9,000 ಕುದುರೆಗಳನ್ನು ಒದಗಿಸಬೇಕಾಗಿತ್ತು, ಅಷ್ಟೇ. ಶಾಂತಿಕಾಲದಲ್ಲಿ ಕಾಯಂ ದಂಡನ್ನು ಸಾಕಬೇಕೆಂಬ ಮಾತು ಅದರಲ್ಲಿಲ್ಲ. ಇದನ್ನು ಸ್ವತಃ ಡಾಲ್ಹೌಸಿಯೇ ಬರಹದಲ್ಲಿ ಒಪ್ಪಿಕೊಂಡಿದ್ದನು! ಒಪ್ಪಿಕೊಂಡೂ ಆ ದಂಡಿನ ಬಾಕಿಗಾಗಿ 1853ರ ಮೇ 21ರಂದು ವರ್ಹಾಡ, ಧಾರಾಶಿವಗಳೊಡನೆ ರಾಯಚೂರು ದೋಆಬವನ್ನು ಕೈವಶ ಮಾಡಿಕೊಂಡನು. ನಮ್ಮ ಕಚೇರಿಗಳ ಭಾಷೆಯಲ್ಲಿ ಇದು ಭೋಗ್ಯದ ಒತ್ತೆ: ಸಾಲಿಗನು ನೆಲವನ್ನು ಅನುಭವಿಸುತ್ತ ಹುಟ್ಟುವಳಿಯನ್ನು ಎಣಿಸಿಕೊಳ್ಳುವನು. ಮಿಕ್ಕ ಹಣದ ಲೆಕ್ಕವನ್ನು ನಿಜಾಮನಿಗೆ ಒಪ್ಪಿಸುವ ಷರತ್ತಿದ್ದಿತು. ಉತ್ತು ಬಿತ್ತಿದವನಿಗೆ ಲೆಕ್ಕ ಒಪ್ಪಿಸುವ ಷರತ್ತು ಯಾವ ಕಾಗದದಲ್ಲಿಯೂ ಇಲ್ಲ. ಇಲ್ಲದ ಸಾಲಕ್ಕೆ ಅನ್ಯರ ನೆಲವನ್ನು ಒತ್ತೆಯಿಟ್ಟ ಇಂಥ ಪತ್ರವನ್ನು ಯಾವ ಮುನಸೀಫನಾದರೂ ಎತ್ತಿಹಿಡಿದಾನೆಯೇ?

1857ರ ದಂಗೆಯಲ್ಲಿ ನಿಜಾಮನು ಆಂಗ್ಲರ ಪಕ್ಷ ಬಿಡಲಿಲ್ಲ. 1860ರಲ್ಲಿ 50 ಲಕ್ಷದ ಸಾಲವನ್ನು ಮನ್ನಾ ಮಾಡಿ ದೋಆಬವನ್ನು ಹಿಂದಿರುಗಿಸಿದರು. 1858ರಲ್ಲಿ ತಿರುಗಿಬಿದ್ದ ವೆಂಕಟಪ್ಪ ನಾಯಕನ ಸುರಪುರವನ್ನೂ ಇನಾಮಾಗಿ ಸೇರಿಸಿದರು. ಹೀಗೆ ಅರವತ್ತು ವರ್ಷಗಳಲ್ಲಿ ಗುತ್ತಿಗೆ, ಒತ್ತೆ, ಬಿಡುಗಡೆ ಎಲ್ಲವೂ ಆದವು. ಮುಂದೆ ಜಿಲ್ಲೆಯ ಪದವಿ ಪಡೆದ ಲಿಂಗಸುಗೂರು 1905ರಲ್ಲಿ ಅದನ್ನೂ ಕಳೆದುಕೊಂಡಿತು.

ಅಮೇರಿಕದವರು 1817ರಲ್ಲಿ ಅಗೆಯತೊಡಗಿದ 363 ಮೈಲುಗಳ ಈರೀ ಕಾಲುವೆಯನ್ನು 1825ರಲ್ಲಿ ಮುಗಿಸಿದರು. ನ್ಯೂಯಾರ್ಕಿನ ಭಾಗ್ಯವು ಅದರ ನೀರಿನ ಮೇಲೆಯೇ ತೇಲಿಬಂದಿತು. ಎಡೆದೊರೆ ನಾಡಿನ ಎರಡೂ ಮಗ್ಗುಲಲ್ಲಿ ಮಹಾನದಿಗಳು ಹರಿಯುತ್ತಿದ್ದರೂ ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಟ್ಟು ಮುಗಿದದ್ದು 1953ರಲ್ಲಿ. ಎಡದಂಡೆಯ ನೀರು ಬಂದ ಮೇಲೆ ಸಿಂಧನೂರಿನ ‘ಸೋಮಾರಿ’ ಬಯಲು ಬತ್ತದ ಕಣಜವಾಯಿತು. 1956ರಲ್ಲಿ ನಾಡು ಒಂದಾಯಿತು. ಲೆಕ್ಕ ಮಾತ್ರ ಚುಕ್ತಾ ಆಗಲಿಲ್ಲ. 2002ರಲ್ಲಿ ನಂಜುಂಡಪ್ಪನವರ ಸಮಿತಿಯು ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದು ಎಣಿಸಿದಾಗ ಸಿಂಧನೂರು, ಲಿಂಗಸುಗೂರುಗಳೂ ಆ ಪಟ್ಟಿಯಲ್ಲಿದ್ದವು. ಅಶೋಕನ ಹೆಸರನ್ನೇ ಜಗತ್ತಿಗೆ ಓದಿಸಿದ ಶಾಸನವುಳ್ಳ ಮಸ್ಕಿಯ ಸೀಮೆಯಲ್ಲಿ, ಪಾಮನಕಲ್ಲೂರಿನ ರೈತರು 2020ರಲ್ಲಿ ಕೃಷ್ಣೆಯ ನೀರಿನ 5ಎ ಕಾಲುವೆಗಾಗಿ ಧರಣಿ ಕುಳಿತರು. ಅವರ ಮುಂದೆ ಹೋಗಿ ‘ದಾನ’ವೆಂಬ ಶಬ್ದವನ್ನು ಆಡುವ ಧೈರ್ಯ ಆ ಮಹನೀಯರಲ್ಲಿ ಯಾರಿಗಿದೆ?