ನಾಯಿಮರಿ ತರುವ ಮುನ್ನ ನಿಮ್ಮ ದಿನಚರಿ ನೋಡ್ಕೊಳ್ಳಿ

'ಅಮ್ಮಾ, ನಾಯಿಮರಿ ತರೋಣಮ್ಮಾ, ಎಲ್ಲಾ ನಾನೇ ನೋಡ್ಕೋತೀನಿ' ಅಂತ ಮಕ್ಕಳು ದುಂಬಾಲು ಬೀಳುತ್ತಾರೆ. ಯಜಮಾನರೂ ಅವರ ಪಕ್ಷ. ಮರಿ ಬಂದ ಮೊದಲ ವಾರ ಮನೆಮಂದಿಗೆಲ್ಲಾ ಸಂಭ್ರಮ. ಎರಡನೇ ವಾರದಿಂದ ಅದನ್ನು ಹೊರಗೆ ಕರ್ಕೊಂಡು ಹೋಗೋದು, ಗಲೀಜು ಒರೆಸೋದು, ಸೋಫಾ ಮೇಲಿನ ಕೂದಲು ಗುಡಿಸೋದು ಯಾರ ಪಾಲಿಗೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಯಾವ ತಳಿ ಎನ್ನುವ ವಿಷಯದಲ್ಲಿ ಕೊನೆಯ ಮಾತು ನಿಮ್ಮದೇ ಆಗಿರಲಿ.

ಒಂದು ಲೆಕ್ಕ ಹಾಕಿ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿ ಸಾಮಾನ್ಯವಾಗಿ 10-12 ವರ್ಷ, ಸಣ್ಣ ತಳಿಗಳು 14-15 ವರ್ಷ ಬದುಕುತ್ತವೆ. ಈಗ ಆರನೇ ಕ್ಲಾಸಿನಲ್ಲಿರುವ ಮಗ ಇಂಜಿನಿಯರಿಂಗ್ ಮುಗಿಸಿ ಬೇರೆ ಊರಿಗೆ ಹೋದ ಮೇಲೂ ನಾಯಿ ನಿಮ್ಮ ಅಡುಗೆಮನೆ ಬಾಗಿಲಲ್ಲೇ ಮಲಗಿರುತ್ತೆ. ಸಾಕಲಾಗದೆ ಬೀದಿಗೆ ಬಿಟ್ಟ ಜಾತಿನಾಯಿಯ ಪಾಡು ಕೇಳಬೇಡಿ. ಅದಕ್ಕೆ ಹೊಟ್ಟೆ ಹೊರೆಯೋದೂ ಗೊತ್ತಿಲ್ಲ, ಬೀದಿನಾಯಿಗಳ ಜತೆ ಕಾದಾಡೋದೂ ಗೊತ್ತಿಲ್ಲ.

2003ರಲ್ಲಿ ಹಚ್ ಮೊಬೈಲ್ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಓಡುತ್ತಿದ್ದ ಪಗ್ ನೆನಪಿದೆಯಲ್ಲ? ಅದನ್ನು ನೋಡಿ ಪಗ್ ಬೇಕು ಅಂದವರು ಎಷ್ಟೋ ಜನ. ಫ್ಲಾಟಿಗೆ ಅದು ಹೊಂದುತ್ತದೆ ನಿಜ, ಮಕ್ಕಳ ಜತೆಗೂ ಸಲೀಸು. ಆದರೆ ಚಪ್ಪಟೆ ಮೂಗಿನ ನಾಯಿಗೆ ಉಸಿರಾಟವೇ ಕಷ್ಟ. ನಾಯಿಗಳು ಏದುಸಿರು ಬಿಟ್ಟೇ ಮೈ ತಂಪು ಮಾಡಿಕೊಳ್ಳುವುದು. ಪಗ್‌ಗೆ ಅದು ಸರಿಯಾಗಿ ಆಗುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಜೀವಕ್ಕೇ ಅಪಾಯ. ಮುಖದ ಸುಕ್ಕುಗಳ ಸಂದಿಯನ್ನು ಆಗಾಗ ಒರೆಸುತ್ತಲೂ ಇರಬೇಕು. ಇನ್ನು ಹಸ್ಕಿ! ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿಯನ್ನು ತಂದು ಮೂರನೇ ಮಹಡಿಯಲ್ಲಿ ಕೂಡಿಹಾಕೋದು ಶೋಕಿಯಲ್ಲದೆ ಮತ್ತೇನು? ಯಾರು ಎಷ್ಟೇ ಹಟ ಮಾಡಲಿ, ಬೇಡ ಅಂದುಬಿಡಿ.

ಲ್ಯಾಬ್ರಡಾರ್ ಸ್ವಭಾವದಲ್ಲಿ ಚಿನ್ನ. ಆದರೆ ಬೆಳೆದ ಮೇಲೆ 30 ಕಿಲೋ ತೂಗುತ್ತೆ. ಮೊದಲ ಒಂದೆರಡು ವರ್ಷ ಚಪ್ಪಲಿ, ಸೋಫಾ, ಮಂಚದ ಕಾಲು ಯಾವುದನ್ನೂ ಬಿಡದೆ ಕಡಿಯುತ್ತೆ. ದಿನಕ್ಕೆ ಒಂದು ಗಂಟೆಯಾದರೂ ಚೆನ್ನಾಗಿ ನಡೆಸಬೇಕು. ಇಲ್ಲದಿದ್ದರೆ ಹಾಕಿದ್ದೆಲ್ಲಾ ತಿಂದು ಡ್ರಮ್ಮಿನಂತಾಗಿ ಕೀಲುನೋವು ತಂದುಕೊಳ್ಳುತ್ತೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದರೆ ಇದು ಪ್ರೀತಿಯಿಂದ ಮೇಲೆ ಹಾರಿದರೂ ಅವರು ಬಿದ್ದಾರು, ಹುಷಾರು.

ನಾವು ಪಾಮೆರೇನಿಯನ್ ಅಂತ ಕರೆಯುವ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಸಣ್ಣ ಮನೆಗೆ ಸೈ, ಹಗಲು ನೀವೊಬ್ಬರೇ ಇರುವಾಗ ಬಾಗಿಲಿಗೆ ಯಾರೇ ಬಂದರೂ ತಿಳಿಸುತ್ತೆ. ತಿಳಿಸುವುದು ಸ್ವಲ್ಪ ಜಾಸ್ತಿಯೇ. ಪಕ್ಕದ ಮನೆಯವರ ಸಹನೆ ಎಷ್ಟು ಅಂತ ಮೊದಲೇ ಅಂದಾಜು ಮಾಡಿಕೊಳ್ಳಿ. ಎರಡು ದಿನಕ್ಕೊಮ್ಮೆ ಕೂದಲು ಬಾಚಬೇಕು. ಡ್ಯಾಶ್‌ಹುಂಡ್‌ಗೆ ಬೆನ್ನು ಉದ್ದ, ಕಾಲು ಗಿಡ್ಡ. ಮೆಟ್ಟಿಲು ಹತ್ತಿಳಿದು, ಸೋಫಾದಿಂದ ಹಾರಿ ಬೆನ್ನುಮೂಳೆ ಕೆಡಿಸಿಕೊಳ್ಳುತ್ತೆ. ಡೂಪ್ಲೆಕ್ಸ್ ಮನೆಯವರು ಯೋಚಿಸಿ.

ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಗೆ 2005ರಲ್ಲಿ ಅಂಚೆಚೀಟಿಯ ಗೌರವವೂ ಸಿಕ್ಕಿತು. ನಮ್ಮೂರಿನದು ಅಂತ ಹೆಮ್ಮೆಪಡೋಣ, ಆದರೆ ಅದು ಓಡಿ ಬೇಟೆಯಾಡುವ ನಾಯಿ. ಕಾಂಪೌಂಡು, ದಿನಾ ಓಡಲು ಬಯಲು, ಓಡಿಸಲು ಪುರುಸೊತ್ತು ಇರುವವರಿಗಷ್ಟೇ ಅದು.

ಹಾಗಾದರೆ ನಮ್ಮಂಥವರಿಗೆ ಯಾವುದು ಅಂತೀರಾ? ನನ್ನ ಕೇಳಿದರೆ ನಾಡನಾಯಿ. ಅದೇ, ಬೀದಿಯ ಮರಿ. ನಮ್ಮ ಸೆಕೆ, ಮಳೆ ಎರಡಕ್ಕೂ ಒಗ್ಗಿದ ಮೈ, ಗಿಡ್ಡ ಕೂದಲು, ಕಾಯಿಲೆಯೂ ಕಡಿಮೆ. ದುಡ್ಡು ಕೊಡುವ ಮಾತೇ ಇಲ್ಲ. ಹೆಣ್ಣುಮರಿಗಳನ್ನು ಯಾರೂ ಒಯ್ಯುವುದಿಲ್ಲ (ಇಲ್ಲೂ ಅದೇ ಕಥೆ ನೋಡಿ!). ವೆಟ್ ಹತ್ತಿರ ಆಪರೇಷನ್ ಮಾಡಿಸಿಬಿಟ್ಟರೆ ಆ ಚಿಂತೆಯೂ ಇಲ್ಲ.

ಯಾವ ಮರಿಯೇ ಆಗಲಿ, ಎರಡು ತಿಂಗಳಾಗುವ ಮುಂಚೆ ತಾಯಿಯಿಂದ ಬಿಡಿಸಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮವೇ ಇದೆ. ಕೊಳ್ಳುವುದಾದರೆ ತಾಯಿನಾಯಿಯನ್ನು ತೋರಿಸಲು ಹೇಳಿ. ತೋರಿಸಲು ಸಬೂಬು ಹೇಳಿದರೆ ವಾಪಸ್ ಬನ್ನಿ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದಿನದ್ದನ್ನು ವೆಟ್ ಹೇಳಿದ ಹಾಗೆ ತಪ್ಪಿಸದೆ ಹಾಕಿಸಿ. ಉಳಿದ ಸಾಂಬಾರನ್ನ ಹಾಕಿದರಾಯ್ತು ಅಂದುಕೊಳ್ಳಬೇಡಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಮೊದಲೇ ಕೇಳಿ. ದೀಪಾವಳಿಗೆ ತವರಿಗೆ ಹೊರಟಾಗ ನಾಯಿ ಯಾರ ಮನೆಯಲ್ಲಿ ಅನ್ನೋದನ್ನೂ ಈಗಲೇ ಮಾತಾಡಿಕೊಳ್ಳಿ.

ಇಷ್ಟಾದ ಮೇಲೆ ಒಂದು ಸಣ್ಣ ಪರೀಕ್ಷೆ. ಮರಿ ತರುವ ಮೊದಲು 15 ದಿನ ಮಕ್ಕಳು, ಯಜಮಾನರು ಸರದಿ ಪ್ರಕಾರ ಬೆಳಗ್ಗೆ ಆರಕ್ಕೆ ಎದ್ದು ಪಾರ್ಕಿಗೆ ಎರಡು ಸುತ್ತು ಹಾಕಿ ಬರಲಿ, ಮಳೆ ಬಂದರೂ. ಎಂಟನೇ ದಿನಕ್ಕೇ ಹೊದಿಕೆ ಎಳೆದುಕೊಂಡು ಮಲಗಿದರೆ, ಅಕ್ವೇರಿಯಂ ತರೋಣ ಅಂತ ಹೇಳಿ.